ಸುವೈಕಿನ ಬಿಳಿ ಎಲೆಗಳು

ಶಿರಿಯ

ಗಲ್ಫಿಗೆ ಹೋಗಿ ಬಂದವರನ್ನು ನಮ್ಮ ಕಡೆ ಯಾರೂ ಏನು ನೋಡಿದಿರಿ ಎಂದು ಕೇಳುವುದಿಲ್ಲ. ಏನು ತಂದಿರಿ ಎಂದು ಕೇಳುತ್ತಾರೆ. ನಾನು ತಂದದ್ದು ಒಂದು ಪೊಟ್ಟಣ ಒಣ ನಿಂಬೆ ಮತ್ತು ಬಿಸಿಲಿಗೆ ಸಿಪ್ಪೆ ಎದ್ದ ಮೂಗು. ಇನ್ನು ನೋಡಿದ್ದು ಬಹುಪಾಲು ನಿಂಬೆ ಎಲೆಗಳನ್ನೇ. ಕೋಟೆ, ಮಸೀದಿ, ಮಾಲುಗಳ ವರ್ಣನೆ ಬೇಕಾದವರು ಬೇರೆಯವರ ಬರಹ ಓದಬಹುದು, ನನಗೇನೂ ಬೇಸರವಿಲ್ಲ.

ನಾನು ಕೃಷಿ ಭವನದಲ್ಲಿ ಅಸಿಸ್ಟೆಂಟ್ ಆಗಿದ್ದು ನಿವೃತ್ತಳಾದವಳು. ಕೊನೆಯ ಕೆಲವು ವರ್ಷ ವಿದ್ಯಾನಗರದ ಕಚೇರಿಯಲ್ಲಿದ್ದೆ. ನೀರಿಲ್ಲದ ಬೇಸಗೆಗಳಲ್ಲಿ ಎಲೆಗೆ ಸಿಂಪಡಿಸುವ ದ್ರಾವಣಗಳ ಬಗ್ಗೆ ಕೃಷಿಕರಿಗೆ ಹೇಳುವುದು ನನ್ನ ಪಾಲಿನ ಕೆಲಸಗಳಲ್ಲಿ ಒಂದು. ಬುಡಕ್ಕೆ ಕೊಡಲು ನೀರು ಸಾಲದಾದಾಗ ಎಲೆಯ ಮೇಲೆ ಒಂದಿಷ್ಟು ಪೊಟ್ಯಾಶೋ, ಕಡಲಪಾಚಿಯ ರಸವೋ, ತೆಳ್ಳಗೆ ಕದಡಿದ ಬಿಳಿ ಜೇಡಿಮಣ್ಣೋ ಬಿದ್ದರೆ ಗಿಡ ಇನ್ನು ಕೆಲವು ವಾರ ತಾಳಿಕೊಳ್ಳುತ್ತದೆ. ಹೇಳಲು ಸುಲಭ. ಆದರೆ ಹೆಲಿಕಾಪ್ಟರಿನಿಂದ ಗೇರು ತೋಟಗಳ ಮೇಲೆ ಮದ್ದು ಸುರಿದ ಜಿಲ್ಲೆ ನಮ್ಮದು. ಸಿಂಪಡಿಸಿ ಎಂಬ ಮಾತು ಬಾಯಿಂದ ಹೊರಟ ಕೂಡಲೇ ಜನ ಎದ್ದು ಹೋಗುತ್ತಿದ್ದರು. "ಬೇಕಾದ್ರೆ ನೀವೇ ಕುಡೀರಿ ಮೇಡಂ, ನಮ್ಮ ಎಲೆಗೆ ಬೇಡ" ಎಂದು ಒಬ್ಬ ತಾಯಿ ಮುಖಕ್ಕೇ ಹೇಳಿದ್ದಳು. ಆ ಹಳೆಯ ಮದ್ದಿನಿಂದ ಹುಟ್ಟುವಾಗಲೇ ಕೈಕಾಲು ಸೊಟ್ಟಗಾಗಿದ್ದ ಅವಳ ಮಗನನ್ನು ನೋಡಿದ ಮೇಲೆ ನನಗೆ ಎದುರು ಮಾತಾಡುವ ಧೈರ್ಯವಾಗಲಿಲ್ಲ. ಕಲಿತದ್ದನ್ನು ಒಂದು ಇಡೀ ತೋಟದ ಮೇಲೆ ಮಾಡಿ ನೋಡುವ ಭಾಗ್ಯ ಸಿಗದೆಯೇ ಪೆನ್ಶನ್ ಬಂತು.

ಹಾಗಿರುವಾಗ ಒಮಾನಿನಿಂದ ತಮ್ಮ ಸಂಜೀವ ಫೋನ್ ಮಾಡಿದ. ಸುವೈಕ್ ಎಂಬಲ್ಲಿ ಸೈದ್ ಎಂಬ ವಯಸ್ಸಾದ ಅರಬರ ನಿಂಬೆ ತೋಟವನ್ನು ಅವನು ನೋಡಿಕೊಳ್ಳುತ್ತಿದ್ದ. ಅಲ್ಲಿಗೆ ಹೋಗಿ ಇಪ್ಪತ್ತು ವರ್ಷ ದಾಟಿತ್ತು. ಆ ಮರಗಳನ್ನು ಸಸಿಯಾಗಿ ನೆಟ್ಟವನೂ ಅವನೇ. ಈಗ ಬಾವಿಯ ನೀರು ಉಪ್ಪಾಗಿದೆ, ಮಳೆಯ ಹನಿ ಬೀಳದೆ ಎರಡು ವರ್ಷವಾಗಿದೆ, ಎಲೆ ಮುದುಡುತ್ತಿದೆ. ಸೈದ್ ಅವರ ಗಂಡುಮಕ್ಕಳಿಗೆ ಆ ಜಾಗದಲ್ಲಿ ಗೋದಾಮು ಕಟ್ಟುವ ಆಸೆ. ತಂದೆ ಮಕ್ಕಳ ಜಗಳ ಕೊನೆಗೆ ಒಂದು ಮಾತಿಗೆ ಬಂದು ನಿಂತಿತ್ತು: ಖರ್ಜೂರ ಹಣ್ಣಾಗುವ ಹೊತ್ತಿಗೆ ನಿಂಬೆ ಮರಗಳಲ್ಲಿ ಜೀವವಿದ್ದರೆ ತೋಟ ಉಳಿಯುತ್ತದೆ, ಸಂಜೀವನೂ ಉಳಿಯುತ್ತಾನೆ. ಇಲ್ಲದಿದ್ದರೆ ಮರ ಕಡಿಸಿ ಅವನನ್ನು ಊರಿಗೆ ಕಳಿಸುವುದು.

"ಅಕ್ಕ, ಎಲೆಗೆ ಬಿಡುವ ಬಿಳಿ ಮಣ್ಣು ಅಂತ ನೀನು ಹೇಳ್ತಿದ್ದೆಯಲ್ಲ, ಅದನ್ನು ತೆಕ್ಕೊಂಡು ನೀನೇ ಬಾ. ಟಿಕೇಟು ನಾನು ಕಳಿಸ್ತೇನೆ. ಹಾಗೆ ಸ್ವಲ್ಪ ರಾಳ ಕೂಡ ತಾ" ಎಂದ.

ರಾಳ ಯಾಕೆಂದು ನಾನು ಕೇಳಲಿಲ್ಲ. ಧೂಪ ಹಾಕಲಿಕ್ಕಿರಬೇಕು ಎಂದುಕೊಂಡೆ.

ಹೊರಡುವ ಹಿಂದಿನ ದಿನ ಶಿರಿಯಕ್ಕೆ ಹೋಗಿ ಅವನ ಹೆಂಡತಿ ಶಾರದೆಯನ್ನು ಕಂಡೆ. ಹೊಳೆಬದಿಯಲ್ಲೇ ಅವರ ಮನೆ. ಮಗಳಿಗೆ ಮದುವೆಯಾಗಿದೆ, ಮನೆ ಕಟ್ಟಿ ಆಗಿದೆ. ಶಾರದೆ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ಹಣಕ್ಕೋಸ್ಕರ ಸಂಜೀವ ಅಲ್ಲಿರಬೇಕಾದ ಕಾಲ ಮುಗಿದು ತುಂಬ ಸಮಯವಾಗಿತ್ತು. ಪ್ರತಿ ಸಲ ರಜೆಯಲ್ಲಿ ಬಂದಾಗಲೂ "ಈ ನಿಂಬೆ ಒಂದು ಹಂತಕ್ಕೆ ಬರ್ಲಿ" ಎನ್ನುತ್ತ ಅವನು ವಾಪಸು ಹೋಗುತ್ತಿದ್ದ.

ಶಾರದೆ ಚಾ ಕೊಟ್ಟು, ನಾನು ಕುಡಿದಿಟ್ಟ ಲೋಟವನ್ನು ಎತ್ತಿಕೊಂಡಳು. ಆಮೇಲೆ ಹೇಳಿದಳು: "ಅತ್ತಿಗೆ, ನೀವು ಹೋಗಿ ಬನ್ನಿ. ತಮ್ಮನನ್ನು ನೋಡಿ ಬನ್ನಿ. ಆದ್ರೆ ಆ ಮರಗಳನ್ನು ಬದುಕಿಸ್ಬೇಡಿ."

ನಾನು ನಗಲು ನೋಡಿದೆ. ಅವಳು ನಗಲಿಲ್ಲ.

"ತಮಾಷೆಗೆ ಹೇಳಿದ್ದಲ್ಲ. ಅದು ಒಣಗಿದ್ರೆ ಅವರು ಬರ್ತಾರೆ. ಇಲ್ಲದಿದ್ರೆ ಬರುದೇ ಇಲ್ಲ. ನನಗೆ ಗೊತ್ತುಂಟು."

ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಬಜಪೆ

ನನ್ನ ಮೊದಲ ವಿಮಾನಯಾನ ಹೆಚ್ಚುಕಮ್ಮಿ ನೆಲದ ಮೇಲೆಯೇ ಮುಗಿಯುವುದರಲ್ಲಿತ್ತು. ಪೆಟ್ಟಿಗೆಯಲ್ಲಿ ಎರಡು ಸೀರೆ, ಹಪ್ಪಳ, ರಾಳದ ಪೊಟ್ಟಣ. ಉಳಿದದ್ದೆಲ್ಲ ಬಿಳಿ ಪುಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಬಿಳಿ ಪುಡಿಯನ್ನು ಒಬ್ಬ ಹೆಂಗಸು ವಿಮಾನದಲ್ಲಿ ಸಾಗಿಸಿದರೆ ನೋಡುವವರಿಗೆ ಏನು ಅನ್ನಿಸುತ್ತದೆ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಬಜಪೆ ವಿಮಾನ ನಿಲ್ದಾಣದ ತಪಾಸಣೆಯ ಹುಡುಗ ಉತ್ತರ ಭಾರತದವನು. ನನ್ನನ್ನು ಬದಿಗೆ ನಿಲ್ಲಿಸಿ ಮೇಲಿನವರನ್ನು ಕರೆದ. ಅವರು ಇನ್ನೊಬ್ಬರನ್ನು ಕರೆದರು. ಮಿಟ್ಟಿ ಹೈ, ಮಿಟ್ಟಿ ಹೈ ಎಂದು ನನಗೆ ಬರುವ ಹಿಂದಿಯಲ್ಲಿ ಬಡಬಡಿಸಿದೆ. ಒಮಾನಿನಲ್ಲಿ ಮಣ್ಣಿಗೆ ಬರವೇ ಎಂದು ಅವರು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ.

ಎಲೆ, ಬಿಸಿಲು, ಬರ ಎಂದು ಕೈಕರಣ ಮಾಡುತ್ತಿದ್ದಾಗ ಪಕ್ಕದ ಕೌಂಟರಿನ ಮಂಗಳೂರಿನ ಹುಡುಗಿ ಬಂದು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಇದು ಮುಖಕ್ಕೆ ಹಚ್ಚುದಲ್ವಾ ಆಂಟಿ?" ಎಂದಳು. ನಾನು ತಕ್ಷಣ ಹೌದೆಂದೆ. ದೊಡ್ಡ ಅಧಿಕಾರಿ ಚೀಲವನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ಈ ಮುಖಕ್ಕೆ ಅಷ್ಟು ಬೇಕಾದೀತು ಎಂದು ಮನವರಿಕೆಯಾಗಿರಬೇಕು. ಬಿಟ್ಟರು.

ಸುವೈಕ್

ಮಸ್ಕತ್ತಿನಿಂದ ಸುವೈಕಿಗೆ ಕಡಲ ಬದಿಯಲ್ಲೇ ದಾರಿ. ಸಂಜೀವ ಪಿಕಪ್ ತಂದಿದ್ದ. ಹಿಂದಿನ ಸಲ ಊರಿಗೆ ಬಂದಾಗ ಇದ್ದದ್ದಕ್ಕಿಂತ ಇಳಿದುಹೋಗಿದ್ದ. ಕೈಗಳು ಮಾತ್ರ ಮೊದಲಿನಷ್ಟೇ ದಪ್ಪ. ದಾರಿಯುದ್ದಕ್ಕೂ ತಲೆ ಮುರಿದ ಖರ್ಜೂರದ ಮರಗಳು, ಸಿಡಿಲು ಬಡಿದ ತೆಂಗಿನ ಹಾಗೆ ಬರೀ ಕಾಂಡ. "ಎಲ್ಲ ಉಪ್ಪಿನ ಕೆಲಸ. ನೀರು ಎಳೆದು ಎಳೆದು ಸಮುದ್ರ ಒಳಗೆ ಬಂತು" ಎಂದ. ಶಿರಿಯದಲ್ಲೂ ಬೇಸಗೆಯಲ್ಲಿ ಹೊಳೆಬದಿಯ ಬಾವಿಗಳು ಸಪ್ಪೆಯುಪ್ಪಾಗುತ್ತವೆ. ಆದರೆ ಅಲ್ಲಿ ನಾಲ್ಕು ಮಳೆ ಹೊಡೆದರೆ ಉಪ್ಪು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಇಲ್ಲಿ ಅದನ್ನು ಓಡಿಸಲು ಯಾರೂ ಬರುವುದಿಲ್ಲ.

ತೋಟ ನಾನೆಣಿಸಿದ್ದಕ್ಕಿಂತ ಚಿಕ್ಕದು. ಸುತ್ತ ಸಿಮೆಂಟು ಕಲ್ಲಿನ ಗೋಡೆ, ಒಂದು ಬದಿಗೆ ಖರ್ಜೂರ, ಉಳಿದಂತೆ ಸಾಲು ಸಾಲು ನಿಂಬೆ. ಮೂಲೆಯಲ್ಲಿ ಸಂಜೀವನ ಕೋಣೆ. ಪೆಟ್ಟಿಗೆ ಇಳಿಸುವ ಮೊದಲೇ ಅವನು ನನ್ನನ್ನು ಮರಗಳ ನಡುವೆ ಕರೆದುಕೊಂಡು ಹೋದ. ಇದು ಗಾಳಿಗೆ ವಾಲಿದ್ದು, ಇದು ಒಂದು ವರ್ಷ ಕಾಯಿ ಬಿಡದೆ ಸತಾಯಿಸಿದ್ದು, ಇದರ ತೊಗಟೆಯನ್ನು ಆಡು ತಿಂದದ್ದು ಎಂದು ಒಂದೊಂದನ್ನೂ ಮುಟ್ಟಿ ತೋರಿಸಿದ. ಎಲೆಗಳು ದೋಣಿಯ ಹಾಗೆ ಒಳಕ್ಕೆ ಮಡಚಿಕೊಂಡಿದ್ದವು, ಅಂಚು ಕಂದಾಗಿತ್ತು. ಶಾರದೆ ಹೇಗಿದ್ದಾಳೆ ಎಂದು ಅವನು ಕೇಳಿದ್ದು ಎರಡು ದಿನ ಕಳೆದ ಮೇಲೆ, ಅದೂ ನಾನೇ ಅವಳ ಮಾತು ತೆಗೆದಾಗ. ನನಗೆ ಸಿಟ್ಟು ಬಂತು. ಸಿಟ್ಟು ಮಾಡಲು ಅವನು ಸಮಯ ಕೊಟ್ಟರೆ ತಾನೆ!

ಖರ್ಜೂರದ ನೆರಳಿನ ಚಾಪೆ

ಮರುದಿನ ಸೈದ್ ಬಂದರು. ಉದ್ದನೆಯ ಬಿಳಿ ಅಂಗಿ, ಕಸೂತಿಯ ಟೊಪ್ಪಿ, ಕೈಯಲ್ಲಿ ಕೋಲು. ಎಳವೆಯಲ್ಲಿ ಖರ್ಜೂರ ಸಾಗಿಸುವ ದೋಣಿಯಲ್ಲಿ ಬೊಂಬಾಯಿಗೆ ಹೋಗಿ ಬಂದವರಾದ್ದರಿಂದ ಹರಕುಮುರುಕು ಹಿಂದಿ ಬರುತ್ತಿತ್ತು. ನನ್ನದೂ ಅದೇ ಮಟ್ಟದ್ದು, ಇಬ್ಬರಿಗೂ ಹೊಂದಿತು.

ಮರದ ಕೆಳಗೆ ಚಾಪೆ ಹಾಕಿ, ಹೂಜಿಯಿಂದ ಹಿಡಿಯಿಲ್ಲದ ಪುಟ್ಟ ಲೋಟಕ್ಕೆ ಕಾಫಿ ಬಗ್ಗಿಸಿದರು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಘಾಟು. ಕುಡಿದು ಕೆಳಗಿಟ್ಟೆ. ಮತ್ತೆ ತುಂಬಿದರು. ಕುಡಿದೆ. ಮತ್ತೆ ತುಂಬಿದರು. ನಮ್ಮಲ್ಲಿ ಸಾಕು ಎಂದು ಕೈ ಅಡ್ಡ ಹಿಡಿಯುತ್ತೇವೆ, ನಾನು ಹಿಡಿದೆ. ಅವರು ಕೈಯ ಬದಿಯಿಂದ ಬಗ್ಗಿಸಿದರು. ಎದೆ ಡವಗುಟ್ಟಲು ಶುರುವಾದ ಮೇಲೆ ಸಂಜೀವ, "ಅಕ್ಕ, ಲೋಟವನ್ನು ಆಚೆ ಈಚೆ ಅಲ್ಲಾಡಿಸು. ಇಲ್ಲದಿದ್ರೆ ಅವರು ನಿಲ್ಲಿಸುದಿಲ್ಲ" ಎಂದ. ಮೊದಲೇ ಹೇಳಬಾರದಿತ್ತೇ!

ಬಿಳಿ ಪುಡಿಯನ್ನು ಅವರ ಮುಂದಿಟ್ಟೆ. ಅವರು ಚಿಟಿಕೆ ಹಿಡಿದು ನೋಡಿ, "ಮಣ್ಣನ್ನು ಎಲೆಯ ಮೇಲೆ ಹಾಕಲು ಇಷ್ಟು ದೂರ ಬಂದಿರಾ? ಇಲ್ಲಿಯ ಗಾಳಿ ದಿನವೂ ಅದನ್ನೇ ಮಾಡುತ್ತದೆ, ಸಂಬಳವಿಲ್ಲದೆ" ಎಂದರು. ನಮ್ಮಲ್ಲಿ ಪಡುವಣ ಬಿಸಿಲಿಗೆ ಅಡಿಕೆ ಮರದ ಮೈ ಒಡೆಯದಿರಲೆಂದು ಸುಣ್ಣ ಬಳಿಯುವುದನ್ನು ಹೇಳಿದೆ. ಈ ಮಣ್ಣೂ ಹಾಗೆಯೇ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಎಲೆ ತಣ್ಣಗಿರುತ್ತದೆ, ತನ್ನೊಳಗಿನ ನೀರನ್ನು ಕಡಿಮೆ ಕಳೆದುಕೊಳ್ಳುತ್ತದೆ ಎಂದೆ. ಅವರು ಬೆರಳಿನ ಪುಡಿಯನ್ನು ಅಂಗಿಗೆ ಒರೆಸಿ, ಕೋಲಿನಿಂದ ಮರಗಳ ಕಡೆ ತೋರಿಸಿದರು.

"ನನ್ನ ಮಕ್ಕಳು ಕೆಟ್ಟವರಲ್ಲ. ಸತ್ತದ್ದಕ್ಕೆ ನೀರು ಹಾಕಬೇಡ ಎನ್ನುತ್ತಾರೆ. ಸತ್ತಿಲ್ಲ ಎಂದು ನೀವು ತೋರಿಸಿ" ಎಂದರು.

ಸಂಜೀವ ನನ್ನ ಮುಖ ನೋಡಿದ. ಶಾಲೆಯಲ್ಲಿ ಲೆಕ್ಕ ತಪ್ಪಿದಾಗ ನನ್ನ ಕಡೆ ನೋಡುತ್ತಿದ್ದನಲ್ಲ, ಅದೇ ನೋಟ. ಶಾರದೆಯ ಮಾತನ್ನು ಅವನಿಗೆ ಹೇಳದೆಯೇ ಪುಡಿಯ ಚೀಲ ಎತ್ತಿಕೊಂಡು ಎದ್ದೆ.

ಎರಡು ಸಾಲು

ಅರೆಮನಸ್ಸಿನಿಂದ ಮಾಡಿದ್ದರೆ ಶಾರದೆಗೆ ಉಪಕಾರವಾಗುತ್ತಿತ್ತು. ನನಗೆ ಅದು ಬರುವುದಿಲ್ಲ. ಕೆಲಸ ಕೈಗೆ ಸಿಕ್ಕಿದ ಮೇಲೆ ಹಾಳು ಮಾಡಿ ಗೊತ್ತಿಲ್ಲ. ಅಷ್ಟು ವರ್ಷ ಯಾರೂ ಕೇಳದ ಮಾತನ್ನು ಕೊನೆಗೂ ಒಂದು ತೋಟ ಕೇಳುತ್ತಿದೆ ಎಂಬ ಹೆಮ್ಮೆಯೂ ಇತ್ತು.

ಬಾವಿಯ ನೀರಿನಲ್ಲಿ ಕದಡಿದರೆ ಉಪ್ಪು ಎಲೆಯನ್ನೇ ಸುಟ್ಟೀತು. ಹಾಗಾಗಿ ಟ್ಯಾಂಕರಿನಲ್ಲಿ ತರಿಸುವ ಕುಡಿಯುವ ನೀರನ್ನೇ ತೆಗೆದುಕೊಂಡೆವು. ಉಪ್ಪುನೀರಿನಲ್ಲಿ ಸ್ನಾನ ಮಾಡಿ ನನ್ನ ಕೂದಲು ತೆಂಗಿನ ನಾರಾಗಿತ್ತು. ಮರಗಳಿಗೆ ಮಾತ್ರ ಸಿಹಿನೀರು. ಬಿಸಿಲೇರುವ ಮೊದಲು ಸಂಜೀವ ಬೆನ್ನಿಗೆ ಪಂಪು ಕಟ್ಟಿಕೊಂಡ. ನಾನು ಬಾಲ್ದಿಯಲ್ಲಿ ಪುಡಿಯನ್ನು ಕದಡಿ, ಬಟ್ಟೆಯಲ್ಲಿ ಸೋಸಿ ಕೊಟ್ಟೆ. ಮೊದಲು ಎರಡೇ ಸಾಲು ಮಾಡೋಣ, ಒಂದು ವಾರ ನೋಡಿ ಉಳಿದದ್ದಕ್ಕೆ ಸಿಂಪಡಿಸೋಣ ಎಂದು ತೀರ್ಮಾನಿಸಿದೆವು. ಒಣಗಿದ ಮೇಲೆ ಆ ಸಾಲುಗಳ ಮೇಲೆ ಯಾರೋ ನೀರುದೋಸೆಯ ಹಿಟ್ಟು ಎರಚಿದ ಹಾಗಿತ್ತು.

ವಾರ ಕಳೆಯಿತು. ಬಿಳಿಯಾಗದ ಸಾಲುಗಳಲ್ಲಿ ಎಲೆ ಮಧ್ಯಾಹ್ನ ಪೂರಾ ಮಡಚಿಕೊಳ್ಳುತ್ತಿತ್ತು. ಬಿಳಿಯಾದ ಸಾಲುಗಳಲ್ಲಿ ಎಲೆ ಬಿಚ್ಚಿಕೊಂಡೇ ಇತ್ತು. ಕೈಯಲ್ಲಿ ಹಿಡಿದರೆ ತಂಪು. ಸಂಜೀವ ಆ ದಿನ ಮಧ್ಯಾಹ್ನ ಊಟ ಬಿಟ್ಟು ಆ ಸಾಲಿನಿಂದ ಈ ಸಾಲಿಗೆ, ಈ ಸಾಲಿನಿಂದ ಆ ಸಾಲಿಗೆ ಎಲೆ ಮುಟ್ಟುತ್ತ ತಿರುಗಿದ. ಅವನು ಹಾಡು ಗುನುಗುವುದನ್ನು ನಾನು ಕೇಳದೆ ಎಷ್ಟೋ ವರ್ಷವಾಗಿತ್ತು.

ಸಂಜೆ ಶಾರದೆಗೆ ಫೋನ್ ಮಾಡಿದೆ.

"ಎಲೆ ಹೇಗುಂಟು ಅತ್ತಿಗೆ?"

"ಲಾಯ್ಕುಂಟು" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಆ ಕಡೆ ಹೊಲಿಗೆ ಮೆಷಿನಿನ ಸದ್ದು ನಿಂತಿತು. ಆಮೇಲೆ, "ಹ್ಞಾಂ. ಸೆಕೆಗೆ ನೀವು ಮಜ್ಜಿಗೆ ಕುಡೀರಿ" ಎಂದು ಇಟ್ಟಳು.

ಮಸ್ಕತ್

"ಅಷ್ಟು ದೂರದಿಂದ ಬಂದು ಮಸ್ಕತ್ ನೋಡದೆ ಹೋದ್ರೆ ಜನ ನನಗೆ ಬೈತಾರೆ" ಎಂದು ಸಂಜೀವ ಹಟ ಮಾಡಿದ. ಕುಂಬಳೆ ಕಡೆಯ ಪರಿಚಯದ ಕುಟುಂಬವೊಂದು ಅಲ್ಲಿತ್ತು. ನನ್ನನ್ನು ಅವರ ಮನೆಗೆ ಬಿಟ್ಟು, ಉಳಿದ ಸಾಲುಗಳಿಗೆ ತಾನೇ ಮಣ್ಣು ಬಿಡುತ್ತೇನೆ ಎಂದು ವಾಪಸು ಹೋದ. ಎಷ್ಟು ನೀರಿಗೆ ಎಷ್ಟು ಪುಡಿ ಎಂದು ನಾನು ಹೇಳಿ ಕೊಟ್ಟಿದ್ದೆ. ಹೇಳಬೇಕಾದದ್ದನ್ನೆಲ್ಲ ಹೇಳಿದ್ದೇನೆ ಎಂದೇ ನಂಬಿದ್ದೆ.

ಮಸ್ಕತ್ತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ರಸ್ತೆಯ ನಡುವಿನ ಹುಲ್ಲು. ಮೈಲುಗಟ್ಟಲೆ ಹಸಿರು ಹುಲ್ಲು, ಅಂಚಿಗೆ ಹೂವು, ಒಳಗೆ ಸಣ್ಣ ಪೈಪಿನಿಂದ ಬುಳುಬುಳು ನೀರು. ತೋಟದಲ್ಲಿ ಒಂದು ಮರ ಉಳಿಸಲು ನಾವು ಲೋಟದಲ್ಲಿ ಅಳೆಯುತ್ತಿದ್ದೆವು. ನಾನು ಬಗ್ಗಿ ಹುಲ್ಲಿನ ಬುಡ ಮುಟ್ಟಿ ನೋಡಿದೆ, ಕೆಸರಾಗಿತ್ತು. ಕಾವಲಿನವನು ಸೀಟಿ ಊದಿಕೊಂಡು ಓಡಿ ಬಂದ. ನೋಡಿದರೆ ಕಣ್ಣೂರಿನವನು. "ಏನಾದರೂ ಬಿದ್ದುಹೋಯಿತಾ ಚೇಚಿ?" ಎಂದು ಮಲಯಾಳದಲ್ಲಿ ಕೇಳಿದ. ಇಲ್ಲ, ನೀರು ನೋಡಿದ್ದು ಎಂದೆ. ಅವನು ನನ್ನನ್ನು ನೆರಳಿನಲ್ಲಿ ಕೂರಿಸಿ, ತಲೆಸುತ್ತು ಬರುತ್ತಿದೆಯೇ ಎಂದು ವಿಚಾರಿಸಿದ. ಉಳಿದ ಪೇಟೆಯನ್ನು ಕಾರಿನ ಕಿಟಕಿಯಿಂದ ನೋಡಿದೆ. ಮನಸ್ಸಿಗೆ ಏನೂ ಹಿಡಿಸಲಿಲ್ಲ.

ಮತ್ತೆ ತೋಟ

ವಾಪಸು ಬಂದಾಗ ಬಿಸಿಲು ಇಳಿಯುತ್ತಿತ್ತು. ಗೇಟಿನಿಂದಲೇ ಕಂಡಿತು: ತೋಟಕ್ಕೆ ತೋಟವೇ ಪಿಂಗಾಣಿಯ ಹಾಗೆ ಫಳಫಳ ಹೊಳೆಯುತ್ತಿದೆ. ಒಂದು ಕ್ಷಣ ಚಂದ ಅನ್ನಿಸಿತು. ಮರುಕ್ಷಣ ನೆನಪಾಯಿತು: ಜೇಡಿಮಣ್ಣು ಹೊಳೆಯುವುದಿಲ್ಲ. ಓಡಿಹೋಗಿ ಎಲೆ ಹಿಡಿದೆ. ಬೆರಳು ಅಂಟಿಕೊಂಡಿತು.

"ಇದ್ರಲ್ಲಿ ಎಂತ ಹಾಕಿದ್ದೀ?"

"ರಾಳ" ಎಂದ ಸಂಜೀವ, ಬಹುಮಾನ ಸಿಗುವವನ ಹಾಗೆ. "ಸೋಡಾ ಹಾಕಿ ಕುದಿಸಿ ಬೆರೆಸಿದ್ದು. ನಿನ್ನ ಎರಡು ಸಾಲಿಗೂ ಇನ್ನೊಂದು ಕೈ ಬಿಟ್ಟಿದ್ದೇನೆ. ಇನ್ನು ಎಂತ ಬಂದ್ರೂ ಹೋಗುದಿಲ್ಲ."

ನಮ್ಮ ಕಡೆ ಆಟಿ ತಿಂಗಳ ಮಳೆಯಲ್ಲಿ ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮೈಲುತುತ್ತು ಸುಣ್ಣದ ಮದ್ದು ಬಿಡುತ್ತಾರಲ್ಲ, ಅದು ತೊಳೆದು ಹೋಗದಿರಲೆಂದು ರಾಳದ ಅಂಟು ಬೆರೆಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಸಂಜೀವ ಮೀಸೆ ಮೂಡುವ ಮೊದಲೇ ಮದ್ದು ಬಿಡುವವರ ತಂಡದಲ್ಲಿ ಪಂಪು ಒತ್ತಿದವನು. ಅಂಟಿಲ್ಲದ ಮದ್ದು ಅವನ ಮಟ್ಟಿಗೆ ಮದ್ದೇ ಅಲ್ಲ. ಊರಿನಿಂದ ರಾಳ ತರಿಸಿದ್ದು ಇದಕ್ಕೆ.

"ನಿನಗೆ ತಲೆ ಸಮ ಉಂಟಾ? ಇಲ್ಲಿ ಮಳೆ ಎಲ್ಲಿ ಉಂಟು ಮಾರಾಯ, ತೊಳೆದು ಹೋಗ್ಲಿಕ್ಕೆ?" ಎಂದು ಕಿರುಚಿದೆ.

ಅವನು ತಲೆಯೆತ್ತಿ ಆಕಾಶ ನೋಡಿದ. ಅಲ್ಲಿ ಒಂದು ಎಳೆ ಮೋಡ ಇರಲಿಲ್ಲ.

"ಅಂಟು ಹಾಕದೆ ಬಿಟ್ರೆ ಊರಲ್ಲಿ ಅಡಿಕೆ ತೋಟದ ಯಜಮಾನ್ರು ಬೈತಿದ್ರು ಅಕ್ಕ. ಕೈಗೆ ಅಭ್ಯಾಸ" ಎಂದ, ಬಹಳ ಸಣ್ಣ ದನಿಯಲ್ಲಿ.

ಮಳೆ ಅಪರೂಪವಾದ ಊರಿನಲ್ಲಿ ಇಪ್ಪತ್ತು ವರ್ಷ ಇದ್ದೂ ಅವನ ಕೈಗಳು ನಮ್ಮ ಮಳೆಗಾಲವನ್ನು ಬಿಟ್ಟು ಬಂದಿರಲಿಲ್ಲ. ಬರೀ ಮಣ್ಣಾದರೆ ಕಣಗಳ ನಡುವೆ ಎಲೆ ಉಸಿರಾಡುತ್ತದೆ. ರಾಳ ಬೆರೆತರೆ ಮೂಗು ಬಾಯಿ ಎರಡೂ ಕಟ್ಟಿದಂತೆ. ಅದರ ಮೇಲೆ ಮರುದಿನವೇ ಗಾಳಿ ಎದ್ದಿತು. ಗಾಳಿ ತಂದ ಧೂಳೆಲ್ಲ ಅಂಟಿಗೆ ಹಿಡಿದು, ಬಿಳಿ ಎಲೆಗಳು ಕೆಸರು ಬಣ್ಣಕ್ಕೆ ತಿರುಗಿದವು.

ಒದ್ದೆ ಬಟ್ಟೆ

ತೊಳೆಯುವುದೊಂದೇ ದಾರಿ. ಉಗುರುಬೆಚ್ಚಗಿನ ಸಿಹಿನೀರಿಗೆ ಸಾಬೂನು ಕದಡಿ, ಹಳೆಯ ಬಟ್ಟೆ ಅದ್ದಿ, ಒಂದೊಂದೇ ಎಲೆಯನ್ನು ಎರಡು ಬೆರಳ ನಡುವೆ ಹಿಡಿದು ಒರೆಸಿದೆವು. ನಿಂಬೆಯ ಮುಳ್ಳಿಗೆ ಕೈಯೆಲ್ಲ ಗೀರು. ಗೀರಿಗೆ ಸಾಬೂನು ನೀರು ಬಿದ್ದು ಉರಿ. ಒಂದು ಮರ ಮುಗಿಯುವಷ್ಟರಲ್ಲಿ ಪಕ್ಕದ ಮರದ ಎಲೆ ಹಳದಿಯಾಗಿರುತ್ತಿತ್ತು. ಸೊಂಟ ಹಿಡಿದು ನಿಂತಾಗಲೆಲ್ಲ ಶಾರದೆಯ ಮುಖ ಕಣ್ಣ ಮುಂದೆ ಬರುತ್ತಿತ್ತು. ಅವಳು ಬೇಡಿಕೊಂಡದ್ದು ತಾನಾಗಿಯೇ ಆಗುತ್ತಿದೆ, ನಾನು ಬಟ್ಟೆ ಕೆಳಗಿಟ್ಟರೆ ಸಾಕು. ಹಾಗೆ ಯೋಚಿಸುತ್ತಲೇ ಮುಂದಿನ ಎಲೆ ಹಿಡಿಯುತ್ತಿದ್ದೆ.

ಸೈದ್ ಬಂದವರು ಒಂದು ಎಲೆ ಕಿತ್ತು ಮೂಸಿದರು. "ಲುಬಾನ್?" ಎಂದು ಕೇಳಿದರು. ಅವರ ಮನೆಗಳಲ್ಲಿ ಸುಡುವ ಧೂಪದ ಹೆಸರು ಅದು. ಸಂಜೀವ ತಲೆ ತಗ್ಗಿಸಿ ಅರಬಿಯಲ್ಲಿ ಎಲ್ಲವನ್ನೂ ಹೇಳಿದ, ಊರಿನ ಮಳೆಯಿಂದ ಹಿಡಿದು. ಮುದುಕರು ಸಿಟ್ಟಾಗುತ್ತಾರೆ ಎಂದು ನಾನು ಕಾದೆ. ಅವರು ಕೋಲನ್ನು ಮರಕ್ಕೆ ಒರಗಿಸಿ, ಅಂಗಿಯ ತೋಳು ಮಡಚಿ, ನನ್ನ ಬಾಲ್ದಿಯಲ್ಲಿದ್ದ ಇನ್ನೊಂದು ಬಟ್ಟೆ ತೆಗೆದುಕೊಂಡರು. ಸಾಯಂಕಾಲ ಇನ್ನೊಂದು ಟ್ಯಾಂಕರ್ ನೀರು ಬಂತು.

ಅಷ್ಟು ಮಾಡಿಯೂ ಎಲೆ ಉದುರಿತು. ಬೆಳಿಗ್ಗೆ ಎದ್ದರೆ ಬುಡದಲ್ಲಿ ರಾಶಿ. ದಿನ ಕಳೆದ ಹಾಗೆ ತೋಟದಲ್ಲಿ ಮುಳ್ಳು ಮತ್ತು ಕಡ್ಡಿ ಮಾತ್ರ ಉಳಿಯುತ್ತ ಬಂತು. ಸಂಜೀವ ಉದುರಿದ್ದನ್ನು ಗುಡಿಸಿ ಗೋಡೆಯ ಬದಿಗೆ ಹಾಕುತ್ತಿದ್ದ. ನನ್ನ ವೀಸಾ ಮುಗಿಯುವ ಹಿಂದಿನ ದಿನ ಕವುಚಿದ ಬಾಲ್ದಿಯ ಮೇಲೆ ಕುಳಿತಿದ್ದವನ ಹತ್ತಿರ ಹೋದೆ.

"ಆದದ್ದು ಆಯ್ತು. ಊರಿಗೆ ಬಾ. ಶಾರದೆ ಎಷ್ಟು ಕಾಯ್ಬೇಕು?" ಎಂದೆ.

"ಊರಿಗೆ ಬಂದು ಎಂತ ಮಾಡುದು ಅಕ್ಕ? ನಾನು ಮನೆಗೆ ಬಂದ್ರೆ ಅವಳು ಓಡಿ ಕುರ್ಚಿ ತಂದು ಇಡ್ತಾಳೆ. ಒಳ್ಳೆ ಲೋಟದಲ್ಲಿ ಚಾ ಕೊಡ್ತಾಳೆ. ನೆಂಟರಿಗೆ ಕೊಟ್ಟ ಹಾಗೆ. ನನ್ನ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿ ಉಂಟು ಅಂತ ನನಗೆ ಗೊತ್ತಿಲ್ಲ. ಇಲ್ಲಿ ಯಾವ ಮರ ಯಾವಾಗ ಹೂ ಬಿಡ್ತದೆ ಅಂತ ಕಣ್ಣು ಮುಚ್ಚಿ ಹೇಳ್ತೇನೆ."

ಅವನ ಕಣ್ಣು ತುಂಬಿತ್ತು. ನನಗೂ ಅಳು ಬಂತು. ಅಕ್ಕ ತಮ್ಮ ಇಬ್ಬರೂ ಆ ಬೋಳು ಮರಗಳ ನಡುವೆ ಕುಳಿತು ಅತ್ತೆವು, ಸತ್ತ ಮನೆಯಲ್ಲಿ ಅಳುವ ಹಾಗೆ. ಮರುದಿನ ವಿಮಾನ ಏರಿದೆ.

ಶಿರಿಯ, ಮಳೆಗಾಲ

ಮಂಗಳೂರಿನಲ್ಲಿ ಇಳಿಯುವಾಗ ಧೋ ಎಂದು ಮಳೆ. ನನಗೆ ಅದರ ಮೇಲೆ ಸಿಟ್ಟು ಬಂತು.

ಮರುದಿನವೇ ಶಾರದೆಯ ಮನೆಗೆ ಹೋಗಿ ಆದದ್ದನ್ನೆಲ್ಲ ಹೇಳಿದೆ. ಕುರ್ಚಿಯ ಮಾತೊಂದನ್ನು ಬಿಟ್ಟೆ. ಎಲೆ ಪೂರಾ ಉದುರಿದೆ, ಇನ್ನು ಏಳುವ ಹಾಗೆ ಕಾಣುವುದಿಲ್ಲ, ಚೌತಿಯೊಳಗೆ ಅವನು ಬಂದಾನು ಎಂದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಾಳೆಂದುಕೊಂಡೆ, ನಗುತ್ತಿದ್ದಳು. ಕೂಡಲೇ, "ಪಾಪ, ಅವರಿಗೆ ಎಷ್ಟು ಬೇಜಾರಾಗಿರ್ಬೇಕು" ಎಂದು ಗಂಭೀರಳಾದಳು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಒಳಕೋಣೆಯಲ್ಲಿದ್ದ ಹೊಲಿಗೆ ಮೆಷಿನನ್ನು ಚಾವಡಿಗೆ ಸಾಗಿಸಿ, ಗಂಡನಿಗೆಂದು ಆ ಕೋಣೆಗೆ ಸುಣ್ಣ ಬಳಿಸಿದಳು. ಕುಂಬಳೆ ಹತ್ತಿರದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಯಾವುದೋ ಕಂಪೆನಿಗೆ ಗಿಡ ನೋಡಿಕೊಳ್ಳುವ ಜನ ಬೇಕೆಂದು ತಿಳಿದು, ಮಳೆಯಲ್ಲೇ ಹೋಗಿ ವಿಚಾರಿಸಿ ಬಂದಳು. "ಕೂತ್ರೆ ಅವರಿಗೆ ಆಗುದಿಲ್ಲ ಅತ್ತಿಗೆ, ಕೈಗೆ ಗಿಡ ಬೇಕು" ಎಂದಳು. ಗಂಡನ ವಿಷಯ ಅವಳಿಗೆ ಇಷ್ಟು ಗೊತ್ತಿದೆ ಎಂದು ಅವನಿಗೇ ಗೊತ್ತಿರಲಿಕ್ಕಿಲ್ಲ.

ಒಂದು ಮಧ್ಯಾಹ್ನ ನಾನು ಅಲ್ಲಿರುವಾಗಲೇ ವೀಡಿಯೊ ಕಾಲ್ ಬಂತು. ಶಾರದೆ ಕೈ ಒರೆಸಿಕೊಂಡು ಫೋನ್ ಎತ್ತಿದಳು. ಪರದೆಯ ತುಂಬ ಒಂದು ಕಡ್ಡಿ. ಕಡ್ಡಿಯ ಗಂಟಿನಲ್ಲಿ ಅಕ್ಕಿಕಾಳಿನಷ್ಟು ಹಸಿರು.

"ಕಂಡ್ತಾ? ಕಂಡ್ತಾ?" ಸಂಜೀವನ ದನಿ ಒಡೆಯುತ್ತಿತ್ತು. "ಚಿಗುರು! ಎಲ್ಲ ಸಾಲಲ್ಲೂ ಉಂಟು. ಸೈದ್ ಬೆಳಿಗ್ಗೆ ಮಕ್ಕಳನ್ನು ಕರ್ಕೊಂಡು ಬಂದು ತೋರಿಸಿ ಆಯ್ತು. ತೋಟ ಮುಟ್ಟುದಿಲ್ಲ ಅಂತ ಮಾತಾಯ್ತು. ವೀಸಾ ಹೊಸತು ಮಾಡ್ತಾರೆ. ಅಕ್ಕನಿಗೆ ಹೇಳು!"

ಫೋನ್ ತಿರುಗಿತು. ಅವನ ಮುಖ ಕಂಡಿತು. ಗಡ್ಡ ಬೆಳೆದಿತ್ತು, ಕೆನ್ನೆ ಒದ್ದೆಯಾಗಿತ್ತು. ಹಬ್ಬದ ದಿನ ಹೊಸ ಬಟ್ಟೆ ತೊಟ್ಟ ಮಗುವಿನ ಹಾಗೆ ನಗುತ್ತಿದ್ದ.

ಶಾರದೆ ಆ ಮುಖವನ್ನು ನೋಡಿದಳು. ನನಗೆ ಅವಳ ಕಡೆ ನೋಡಲು ಧೈರ್ಯವಾಗಲಿಲ್ಲ.

"ಚಂದ ಉಂಟು" ಎಂದಳು. "ಎಳೆ ಚಿಗುರು, ಬಿಸಿಲಿಗೆ ಕರಂಚಿ ಹೋದೀತು. ಬಿಳಿ ಮಣ್ಣು ಬಿಡಿ. ಅಂಟು ಹಾಕ್ಬೇಡಿ, ಆಯ್ತಾ?"

"ಇಲ್ಲ, ಇಲ್ಲ" ಎಂದು ಅವನು ನಕ್ಕ. ಮತ್ತೆ ಕಡ್ಡಿ ತೋರಿಸಿದ, ಇನ್ನೊಂದು ಮರ ತೋರಿಸಿದ. ಕಾಲ್ ಕಡಿಯಿತು.

ಶಾರದೆ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

"ಅವರ ಮುಖ ನೋಡಿದ್ರಾ ಅತ್ತಿಗೆ? ನಮ್ಮ ಮದುವೆ ದಿನ ಕೂಡ ಅಷ್ಟು ಖುಷಿ ಇರ್ಲಿಲ್ಲ."

ಆ ಎಲೆಗಳನ್ನು ತೊಳೆದ ಕೈ ನನ್ನದೂ ಆಗಿತ್ತು. ಅವಳು ಎದ್ದು ಚಾವಡಿಗೆ ಹೋಗಿ, ಹೊಲಿಗೆ ಮೆಷಿನಿನ ಒಂದು ಬದಿ ಹಿಡಿದು ನನ್ನನ್ನು ಕರೆದಳು.

"ಒಂದು ಕೈ ಹಾಕ್ತೀರಾ? ಇದನ್ನು ಒಳಗೆ ಇಡುವ. ಇಲ್ಲಿ ಮಳೆ ಎರಚ್ತದೆ."

ನಾನು ಇನ್ನೊಂದು ಬದಿ ಹಿಡಿದೆ. ಹೊಸ ಸುಣ್ಣದ ವಾಸನೆಯಿದ್ದ ಆ ಕೋಣೆಯೊಳಗೆ ಅದನ್ನು ಮೊದಲಿದ್ದ ಜಾಗದಲ್ಲೇ ಇಟ್ಟೆವು.